ರಾತ್ರಿ ರೈಲಿನ ಪುಟ್ಟ ಕೋಣೆ ಮತ್ತು ಅದರ ಬಾಗಿಲು

ಒಬ್ಬ ಮನುಷ್ಯ ಮಲಗಲು ಎಷ್ಟು ಜಾಗ ಬೇಕು? ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಮಗ್ಗುಲು ಬದಲಿಸುವುದಕ್ಕೂ ಅಷ್ಟು ಸಾಕು. ಇಷ್ಟು ಜಾಗವನ್ನು ರೈಲಿನವರು ಸುಮಾರು 150 ವರ್ಷಗಳ ಹಿಂದೆಯೇ ಕೊಡಲು ಶುರು ಮಾಡಿದ್ದರು. ಹಾಸಿಗೆ ಇತ್ತು, ದಿಂಬು ಇತ್ತು, ಹೊದಿಕೆಯೂ ಇತ್ತು. ಆದರೂ ಪ್ರಯಾಣಿಕರಿಗೆ ಸಮಾಧಾನ ಇರಲಿಲ್ಲ. ಅವರಿಗೆ ಬೇಕಾಗಿದ್ದು ಬಾಗಿಲು. ಮಲಗುವ ಬೋಗಿಗಳ ಇತಿಹಾಸದಲ್ಲಿ ಮುಕ್ಕಾಲು ಪಾಲು ಈ ಬಾಗಿಲಿನದ್ದೇ. ಅದನ್ನು ಇಡಬೇಕು, ಆದರೆ ಬೋಗಿಯಲ್ಲಿ ಹಿಡಿಯುವ ಜನರ ಸಂಖ್ಯೆ ತೀರಾ ಇಳಿಯಬಾರದು. ಇಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದು ಇಲ್ಲೇ.

ಇದು ನಾನು ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಾಡುವಾಗ ಪರದೆ ಮೇಲೆ ಬೋಗಿಗಳ ನಕ್ಷೆ ತೋರಿಸಿದ್ದೆ. ಇಲ್ಲಿ ನಕ್ಷೆ ಇಲ್ಲ, ಹಾಗಾಗಿ ಒಂದೆರಡು ಕಡೆ ವಿವರ ಜಾಸ್ತಿ ಮಾಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಬಾಗಿಲಿನ ಬದಲು ಬಟ್ಟೆಯ ಪರದೆ ಇದ್ದ ಕಾಲದಿಂದ ಶುರು ಮಾಡೋಣ. ಅಮೆರಿಕದ ಜಾರ್ಜ್ ಪುಲ್‌ಮನ್ 1860ರ ದಶಕದಲ್ಲಿ ಮಲಗುವ ಬೋಗಿಗಳ ವ್ಯಾಪಾರಕ್ಕೆ ಇಳಿದ. 1867ರಲ್ಲಿ ಅವನ ಕಂಪನಿ ಹುಟ್ಟಿತು. ಅವನ ಬೋಗಿಯಲ್ಲಿ ಹಗಲು ಹೊತ್ತು ಎದುರು ಬದುರು ಸೀಟುಗಳು, ನಡುವೆ ಓಡಾಡುವ ದಾರಿ. ರಾತ್ರಿಯಾದ ಮೇಲೆ ಪೋರ್ಟರ್, ಅಂದರೆ ಬೋಗಿಯ ಕೆಲಸದಾಳು, ಬಂದು ಎರಡೂ ಸೀಟುಗಳನ್ನು ಎಳೆದು ಸೇರಿಸಿ ಕೆಳಗಿನ ಹಾಸಿಗೆ ಮಾಡುತ್ತಿದ್ದ. ಚಾವಣಿಗೆ ಅಂಟಿಕೊಂಡಂತೆ ಮಡಚಿಟ್ಟಿದ್ದ ಅಪ್ಪರ್ ಬರ್ತನ್ನು ಕೆಳಗಿಳಿಸುತ್ತಿದ್ದ. ಹಗಲಲ್ಲಿ ಹಾಸಿಗೆ ಬಟ್ಟೆಗಳೆಲ್ಲ ಅದರೊಳಗೇ ಇರುತ್ತಿದ್ದವು. ಆಮೇಲೆ ದಪ್ಪನೆಯ ಪರದೆ ಕಟ್ಟಿದರೆ ಮುಗಿಯಿತು. ಬೋಗಿಯ ಉದ್ದಕ್ಕೂ ಎರಡೂ ಬದಿ ಪರದೆಗಳ ಸಾಲು, ಪರದೆಯ ಹಿಂದೆ ಅಪರಿಚಿತರು. ಬಟ್ಟೆ ಬದಲಿಸಬೇಕು ಅಂದರೆ ಮಲಗಿಕೊಂಡೇ ಒದ್ದಾಡಬೇಕು. ಪಕ್ಕದವರ ಗೊರಕೆ, ಮೇಲಿನವರು ಇಳಿಯುವಾಗ ಜೋತಾಡುವ ಕಾಲು, ದಾರಿಯಲ್ಲಿ ಹೋಗುವವರ ಮೊಣಕೈ, ಎಲ್ಲವೂ ನಿಮ್ಮ ಪಾಲಿಗೆ ಬರುತ್ತಿತ್ತು.

ಈ ವ್ಯವಸ್ಥೆಯ ಒಂದು ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು ಅಂದರೆ ನಂಬುತ್ತೀರಾ? ಅಪ್ಪರ್ ಬರ್ತ್ ಯಾರಿಗೂ ಮಾರಾಟ ಆಗಿಲ್ಲ ಅಂದುಕೊಳ್ಳಿ. ಆಗ ಅದನ್ನು ಮಡಚಿಯೇ ಇಟ್ಟರೆ ಕೆಳಗಿನವರಿಗೆ ತಲೆಯೆತ್ತಿ ಕೂರಲು ಜಾಗ ಸಿಗುತ್ತದೆ, ಗಾಳಿಯೂ ಆಡುತ್ತದೆ. ಕೆಳಗಿನವರು ಕೇಳಿದರೆ ಖಾಲಿ ಅಪ್ಪರ್ ಬರ್ತನ್ನು ಇಳಿಸಬಾರದು ಎಂದು ವಿಸ್ಕಾನ್ಸಿನ್ ರಾಜ್ಯ 1911ರಲ್ಲಿ ಕಾನೂನೇ ಮಾಡಿತು. ರೈಲು ಕಂಪನಿ ಕೋರ್ಟಿಗೆ ಹೋಯಿತು. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ದುಡ್ಡು ಕೊಡದ ಜಾಗವನ್ನು ಕೆಳಗಿನವರಿಗೆ ಸುಮ್ನೆ ಬಿಟ್ಟುಕೊಡಿ ಎಂದು ಕಂಪನಿಗೆ ಹೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ತಲೆ ಮೇಲಿನ ಖಾಲಿ ಜಾಗಕ್ಕೂ ಬೆಲೆ ಇದೆ ಅಂತ ನ್ಯಾಯಾಲಯವೇ ಒಪ್ಪಿದ ಹಾಗಾಯಿತು. ಮುಂದೆ ಬರುವ ಕೋಣೆಗಳ ಲೆಕ್ಕಾಚಾರವೆಲ್ಲ ಈ ಮಾತಿನ ಮೇಲೇ ನಿಂತಿದೆ.

ಯೂರೋಪಿನಲ್ಲಿ ಕಥೆ ಉಲ್ಟಾ. ಅಲ್ಲಿ ರೈಲಿನ ಶುರುವಿನಿಂದಲೂ ಬಾಗಿಲಿತ್ತು, ಬೋಗಿಯ ಒಳಗೆ ಓಡಾಡುವ ದಾರಿ ಇರಲಿಲ್ಲ. ಪ್ರತಿ ಕಂಪಾರ್ಟ್‌ಮೆಂಟಿನ ಬಾಗಿಲೂ ನೇರವಾಗಿ ಪ್ಲಾಟ್‌ಫಾರ್ಮಿಗೆ ತೆರೆಯುತ್ತಿತ್ತು. ರೈಲು ಹೊರಟಿತು ಅಂದರೆ ಮುಂದಿನ ನಿಲ್ದಾಣದವರೆಗೆ ನೀವು, ನಿಮ್ಮೆದುರು ಕೂತವರು, ಇಷ್ಟೇ ಪ್ರಪಂಚ. ಸಿರಿವಂತರಿಗೆ ಇದು ಇಷ್ಟವಾಗಿತ್ತು. 1860ರ ಡಿಸೆಂಬರಿನಲ್ಲಿ ಫ್ರಾನ್ಸಿನ ಪ್ವಾನ್ಸೋ ಎಂಬ ನ್ಯಾಯಾಧೀಶರ ಶವ ಪ್ಯಾರಿಸ್‌ಗೆ ಬಂದ ರೈಲಿನ ಇಂಥದ್ದೇ ಕಂಪಾರ್ಟ್‌ಮೆಂಟಿನಲ್ಲಿ ಸಿಕ್ಕಿತು. 1864ರ ಜುಲೈಯಲ್ಲಿ ಲಂಡನ್‌ನಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ಅಧಿಕಾರಿಯನ್ನು ರೈಲಿನೊಳಗೇ ಹೊಡೆದು ಹೊರಕ್ಕೆ ಎಸೆದರು. ಬ್ರಿಟನ್ನಿನ ರೈಲಿನಲ್ಲಿ ನಡೆದ ಮೊದಲ ಕೊಲೆ ಅದು. ಫ್ರಾನ್ಜ್ ಮುಲ್ಲರ್ ಎಂಬ ಜರ್ಮನ್ ದರ್ಜಿ ಹಡಗು ಹತ್ತಿ ನ್ಯೂಯಾರ್ಕಿಗೆ ಓಡಿದ. ಪೊಲೀಸರು ಅವನಿಗಿಂತ ವೇಗದ ಹಡಗಿನಲ್ಲಿ ಮೊದಲೇ ಹೋಗಿ ಕಾದಿದ್ದು ಹಿಡಿದು ತಂದರು. ಅದೇ ವರ್ಷ ನವೆಂಬರಿನಲ್ಲಿ ಗಲ್ಲಾಯಿತು.

ಬಾಗಿಲಿಗೆ ಎರಡು ಮುಖ ಇದೆ ಅಂತ ಜನಕ್ಕೆ ಗೊತ್ತಾಗಿದ್ದು ಆಗ. ಹೊರಗಿನವರನ್ನು ತಡೆಯುವ ಬಾಗಿಲು ಸಹಾಯವನ್ನೂ ತಡೆಯುತ್ತದೆ. ಕೆಲವು ಕಂಪನಿಗಳು ಕಂಪಾರ್ಟ್‌ಮೆಂಟುಗಳ ನಡುವಿನ ಗೋಡೆಯಲ್ಲಿ ಸಣ್ಣ ಗಾಜಿನ ಕಿಂಡಿ ಕೊರೆದವು. ಅದಕ್ಕೆ ಜನ ಕೊಲೆಗಾರನ ಹೆಸರನ್ನೇ ಇಟ್ಟರು, ಮುಲ್ಲರ್ ಲೈಟ್ ಅಂತ. ಪಾಪ, ಪಕ್ಕದವರು ಇಣುಕುತ್ತಾರೆ ಅಂತ ಆ ಕಿಂಡಿ ಬಗ್ಗೆಯೂ ಗೊಣಗಾಟ ಇತ್ತು. 20 ಮೈಲಿಗಿಂತ ಹೆಚ್ಚು ದೂರ ನಿಲ್ಲದೆ ಓಡುವ ರೈಲುಗಳಲ್ಲಿ ಪ್ರಯಾಣಿಕರು ಸಿಬ್ಬಂದಿಗೆ ಸೂಚನೆ ಕೊಡುವ ವ್ಯವಸ್ಥೆ ಇರಲೇಬೇಕು ಎಂದು 1868ರಲ್ಲಿ ಬ್ರಿಟನ್ ಕಾನೂನು ತಂದಿತು. ಇವತ್ತು ನಾವು ರೈಲಿನಲ್ಲಿ ನೋಡುವ ಸರಪಳಿಯ ಬೇರು ಅಲ್ಲಿದೆ.

ಇದೇ ಹೊತ್ತಿಗೆ ಬೆಲ್ಜಿಯಂನ ಬ್ಯಾಂಕರ್ ಮನೆತನದ ಹುಡುಗ ಜೋರ್ಜ್ ನಾಗೆಲ್‌ಮಾಕರ್ಸ್ ಅಮೆರಿಕ ಸುತ್ತಿ ಪುಲ್‌ಮನ್ ಬೋಗಿಗಳನ್ನು ನೋಡಿ ಬಂದ. ಹಾಸಿಗೆ ಅವನಿಗೆ ಹಿಡಿಸಿತು. ಬೋಗಿ ತುಂಬ ಬರೀ ಪರದೆ ಕಟ್ಟಿದರೆ ಯೂರೋಪಿನ ದೊಡ್ಡ ಮನುಷ್ಯರು ಮಲಗುವುದಿಲ್ಲ ಅಂತಲೂ ಗೊತ್ತಿತ್ತು. 1872ರಲ್ಲಿ ಕಂಪನಿ ಶುರು ಮಾಡಿದ. ದುಡ್ಡು ಸಾಲದೆ ಬಂದಾಗ ಅವನ ಜೊತೆ ಸೇರಿದ್ದು ವಿಲಿಯಂ ಡಾಲ್ಟನ್ ಮ್ಯಾನ್ ಎಂಬ ಅಮೆರಿಕನ್ ಕರ್ನಲ್. ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಗೆಟ್ಟಿಸ್‌ಬರ್ಗ್ ಯುದ್ಧದಲ್ಲಿ ಕುದುರೆ ಪಡೆ ನಡೆಸಿದವನು. ಬೋಗಿಯಲ್ಲಿ ಅಡ್ಡಡ್ಡಲಾಗಿ ಗೋಡೆ ಕಟ್ಟಿ, ಪ್ರತ್ಯೇಕ ಕೋಣೆಗಳನ್ನು ಮಾಡಿ, ಅದಕ್ಕೆ ಬೂದ್ವಾರ್ ಕಾರ್ ಎಂಬ ಹೆಸರಿಟ್ಟು ಮಾರಿದವನು. ಇಷ್ಟೆಲ್ಲ ಏಕಾಂತ ಮಾರಿದ ಮೇಲೆ ನ್ಯೂಯಾರ್ಕಿಗೆ ಹೋಗಿ ಏನು ಮಾಡಿದ ಗೊತ್ತಾ? ಸಿರಿವಂತರ ಮನೆಯ ಗುಟ್ಟುಗಳನ್ನು ಅಚ್ಚು ಹಾಕುವ ವಾರಪತ್ರಿಕೆ ನಡೆಸಿದ!

1876ರಲ್ಲಿ ನಾಗೆಲ್‌ಮಾಕರ್ಸ್ ಈ ಮ್ಯಾನ್‌ನ ಪಾಲನ್ನು ಕೊಂಡು ವ್ಯಾಗೋನ್-ಲಿ ಕಂಪನಿ ಕಟ್ಟಿದ. 1883ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಿಂದ ಓರಿಯಂಟ್ ಎಕ್ಸ್‌ಪ್ರೆಸ್ ಹೊರಟಿತು. ಬೋಗಿಯ ಒಂದು ಪಕ್ಕಕ್ಕೆ ಕಾರಿಡಾರ್, ಇನ್ನೊಂದು ಪಕ್ಕಕ್ಕೆ ಬಾಗಿಲಿರುವ ಕೋಣೆಗಳು, ಕೋಣೆಯೊಳಗೆ ಹಳಿಗೆ ಅಡ್ಡಲಾಗಿ ಹಾಸಿಗೆ. ಯೂರೋಪಿನ ಮಾದರಿ ಅಂದರೆ ಇದೇ ಆಯಿತು. ರಷ್ಯಾದ ನಾಲ್ಕು ಜನರ ಕುಪೆ, ಭಾರತದ ಫಸ್ಟ್ ಎಸಿಯಲ್ಲಿರುವ ಇಬ್ಬರ ಕೂಪೆ, ನಾಲ್ವರ ಕ್ಯಾಬಿನ್, ಎಲ್ಲವೂ ಇದೇ ಜಾತಿ.

ಆದರೆ ಈ ಕೋಣೆಗಳು ಇಬ್ಬರಿಗೋ ನಾಲ್ವರಿಗೋ ಮಾಡಿದ್ದು. ಒಬ್ಬರೇ ಹೋಗುವವರು ಒಂದೋ ಎರಡು ಹಾಸಿಗೆಯ ದುಡ್ಡು ಕೊಡಬೇಕು, ಇಲ್ಲವೇ ಗುರುತಿಲ್ಲದವರ ಜೊತೆ ಬಾಗಿಲು ಹಾಕಿಕೊಂಡು ಮಲಗಬೇಕು. ಒಬ್ಬರಿಗೇ ಒಂದು ಬಾಗಿಲು, ಅದೂ ಕೈಗೆಟುಕುವ ಬೆಲೆಗೆ ಎಂಬ ಕಷ್ಟದ ಲೆಕ್ಕ ಬಿಡಿಸಲು ಕೂತಿದ್ದು ಮತ್ತೆ ಅಮೆರಿಕದವರು.

ಅದಕ್ಕೂ ಮೊದಲು ಆ ಹಾಸಿಗೆ ಹಾಸುತ್ತಿದ್ದವರ ಬಗ್ಗೆ ಮಾತಾಡಬೇಕು. ಪುಲ್‌ಮನ್ ತನ್ನ ಬೋಗಿಗಳಿಗೆ ಪೋರ್ಟರ್ ಆಗಿ ಕರಿಯ ಜನರನ್ನೇ ಹುಡುಕಿ ತೆಗೆದುಕೊಂಡ. ಮೊದಲ ತಲೆಮಾರಿನವರಲ್ಲಿ ಎಷ್ಟೋ ಜನ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರು. ಪ್ರಯಾಣಿಕರು ಅವರ ಹೆಸರು ಕೇಳುತ್ತಿರಲಿಲ್ಲ. ಎಲ್ಲರನ್ನೂ ಜಾರ್ಜ್ ಅಂತಲೇ ಕೂಗುತ್ತಿದ್ದರು, ಯಜಮಾನ ಜಾರ್ಜ್ ಪುಲ್‌ಮನ್‌ನ ಹೆಸರಿನಲ್ಲಿ. ಬೋಗಿಯವರೆಲ್ಲ ಮಲಗುವ ಹೊತ್ತಿಗೆ ಹಾಸಿಗೆ ಹಾಸಿ, ರಾತ್ರಿ ಶೂ ಒರೆಸಿ, ಬೆಳಿಗ್ಗೆ ಎಬ್ಬಿಸಿ, ಮತ್ತೆ ಸೀಟು ಮಾಡುವುದು ಅವರ ಕೆಲಸ. ಅವರು ಮಲಗುವುದು ಯಾವಾಗ ಎಂಬ ಪ್ರಶ್ನೆಗೆ ಕಂಪನಿಯ ಬಳಿ ಸರಿಯಾದ ಉತ್ತರ ಇರಲಿಲ್ಲ. ತಿಂಗಳಿಗೆ 400 ಗಂಟೆ ದುಡಿಮೆ ಅಂದರೆ ಯೋಚಿಸಿ. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಪೋರ್ಟರುಗಳ ಸಂಘ ಹುಟ್ಟಿತು. ಹನ್ನೆರಡು ವರ್ಷ ಗುದ್ದಾಡಿದ ಮೇಲೆ, 1937ರ ಆಗಸ್ಟಿನಲ್ಲಿ, ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ಕೆಲಸದ ಗಂಟೆ 240ಕ್ಕೆ ಇಳಿಯಿತು.

ಅದೇ 1937ರಲ್ಲಿ ಪುಲ್‌ಮನ್ ಕಂಪನಿ ಹೊಸ ಬಗೆಯ ಕೋಣೆಯೊಂದನ್ನು ತಂದಿತು. ಹೆಸರು ರೂಮೆಟ್. ಒಬ್ಬರಿಗೆ ಮಾತ್ರ. ಇದರ ಹಾಸಿಗೆಯನ್ನು ಹಾಸಿ ಸಿದ್ಧ ಮಾಡಿಯೇ ಗೋಡೆಯೊಳಗೆ ಮಡಚಿಟ್ಟಿರುತ್ತಿದ್ದರು. ಹಿಡಿ ತಿರುಗಿಸಿ ಎಳೆದರೆ ಕೆಳಗೆ ಬರುತ್ತಿತ್ತು, ಪೋರ್ಟರ್ ಬರುವ ತನಕ ಕಾಯಬೇಕಾಗಿರಲಿಲ್ಲ. ಒಪ್ಪಂದಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹಾಸಿಗೆ ಹಾಸುವವನ ಸಮಯಕ್ಕೆ ಬೆಲೆ ಬಂದ ವರ್ಷವೇ ತಾನೇ ಎಳೆದುಕೊಳ್ಳುವ ಹಾಸಿಗೆಯೂ ಬಂತು.

ರೂಮೆಟ್ಟಿನ ಒಳಗೆ ಸ್ವಲ್ಪ ಹೊತ್ತು ನಿಲ್ಲೋಣ. ಜಾರುವ ಬಾಗಿಲು ಸರಿಸಿ ಒಳಗೆ ಹೋದರೆ ಒಂದು ದೊಡ್ಡ ಸೀಟು, ಅದರ ಪಕ್ಕ ಕಿಟಕಿ. ಗೋಡೆಯಿಂದ ಬಿಚ್ಚಿಕೊಳ್ಳುವ ವಾಶ್ ಬೇಸಿನ್. ಸೀಟಿನ ಎದುರಿಗೆ ಕಮೋಡ್. ಅದರ ಮೇಲೆ ಮೆತ್ತನೆಯ ಮುಚ್ಚಳ ಇರುವುದರಿಂದ ಹಗಲಲ್ಲಿ ಕಾಲು ಚಾಚಲು, ಚೀಲ ಇಡಲು ಆಗುತ್ತದೆ. ಹಾಸಿಗೆ ಇಳಿಯಿತು ಅಂದರೆ ಇಡೀ ಕೋಣೆ ಹಾಸಿಗೆಯೇ. ಸೀಟೂ ಮುಚ್ಚಿತು, ಕಮೋಡೂ ಮುಚ್ಚಿತು, ನಿಲ್ಲಲು ನೆಲವೂ ಉಳಿಯಲಿಲ್ಲ. ಹಾಗಾದರೆ ಹಾಸಿಗೆ ಇಳಿಸುವಾಗ ನೀವು ಎಲ್ಲಿ ನಿಲ್ಲಬೇಕು? ಕಾರಿಡಾರಿನಲ್ಲಿ! ಬಾಗಿಲು ತೆರೆದು, ಒಂದು ಹೆಜ್ಜೆ ಹಿಂದೆ ಇಟ್ಟು, ಅಲ್ಲಿಂದ ಎಳೆಯಬೇಕು. ರಾತ್ರಿ ಎರಡು ಗಂಟೆಗೆ ಕಮೋಡ್ ಬೇಕಾದರೂ ಇದೇ ಕಸರತ್ತು. ಇಳಿಯಬೇಕು, ಹಿಂದೆ ಸರಿಯಬೇಕು, ಹಾಸಿಗೆ ಎತ್ತಬೇಕು, ಮತ್ತೆ ಒಳಗೆ ಹೋಗಬೇಕು. ಮೈಮೇಲೆ ಮಲಗುವ ಬಟ್ಟೆ, ಹಿಂದೆ ಕಾರಿಡಾರ್.

ಇದಕ್ಕೆ ಅವರು ಹುಡುಕಿದ ಉಪಾಯ ನೋಡಿ. ಬಾಗಿಲಿನ ಚೌಕಟ್ಟಿಗೆ ಜಿಪ್ ಇರುವ ಪರದೆ ಹಾಕಿದರು. ಜಿಪ್ ಎಳೆದುಕೊಂಡು ಹಿಂದೆ ಸರಿದರೆ ಪರದೆ ಬೆನ್ನಿನ ಆಕಾರಕ್ಕೆ ಕಾರಿಡಾರಿನ ಕಡೆ ಉಬ್ಬುತ್ತದೆ. ನೀವು ಕಾರಿಡಾರಿನಲ್ಲಿದ್ದರೂ ಪರದೆಯೊಳಗೇ ಇರುತ್ತೀರಿ. ಹೋಗಿ ಬರುವವರು ಆ ಉಬ್ಬನ್ನು ಬಳಸಿಕೊಂಡು ದಾಟುತ್ತಾರೆ. ಬಾಗಿಲು ಬೇಕು ಅಂತ ಇಷ್ಟೆಲ್ಲ ಮಾಡಿದ ಮೇಲೂ ಕೊನೆಗೆ ಮಾನ ಕಾಪಾಡಿದ್ದು ಅದೇ ಹಳೆಯ ಪರದೆ. ಇದನ್ನು ಈಗಲೂ ಅನುಭವಿಸಬಹುದು. ಕೆನಡಾದಲ್ಲಿ ಟೊರೊಂಟೊ ಮತ್ತು ವ್ಯಾಂಕೂವರ್ ನಡುವೆ ಓಡುವ ದಿ ಕೆನೇಡಿಯನ್ ರೈಲಿನಲ್ಲಿ 1950ರ ದಶಕದ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳು ಇನ್ನೂ ಕೆಲಸ ಮಾಡುತ್ತಿವೆ. ಒಂದೇ ಬೋಗಿಯಲ್ಲಿ ಪುಲ್‌ಮನ್ ಕಾಲದ ಹಾಗೆ ಪರದೆಯ ಬರ್ತ್‌ಗಳೂ ಇವೆ, ಒಬ್ಬರ ಕೋಣೆಗಳೂ ಇವೆ. ಎರಡರ ನಡುವೆ ನಡೆದುಕೊಂಡು ಹೋದರೆ ಅರ್ಧ ಇತಿಹಾಸ ಮುಗಿಯುತ್ತದೆ.

ಈಗ ಸ್ವಲ್ಪ ಲೆಕ್ಕ. ಬೇಸರ ಪಡಬೇಡಿ, ಬರೀ ಕೂಡುವ ಲೆಕ್ಕ. ಪುಲ್‌ಮನ್ ಕಂಪನಿಯ ತೀರಾ ಸಾಮಾನ್ಯ ಪರದೆ ಬೋಗಿಯಲ್ಲಿ 12 ಜೋಡಿ ಬರ್ತ್, ಒಂದು ದೊಡ್ಡ ಕೋಣೆ. 24 ಜನ, ಕೋಣೆಯಲ್ಲಿ ಮೂವರು, ಒಟ್ಟು 27. ಬರೀ ರೂಮೆಟ್‌ಗಳ ಬೋಗಿ ಮಾಡಿದಾಗ ಹಿಡಿದದ್ದು 18 ಜನ. ಎರಡನೇ ಮಹಾಯುದ್ಧದ ನಂತರ ಎಲ್ಲೆಲ್ಲೂ ಕಾಣುತ್ತಿದ್ದ ಬೋಗಿಯಲ್ಲಿ 10 ರೂಮೆಟ್, ಇಬ್ಬರು ಮಲಗುವ 6 ಕೋಣೆ, ಒಟ್ಟು 22. ಬೋಗಿಯ ಉದ್ದ ಹೆಚ್ಚುಕಮ್ಮಿ ಅಷ್ಟೇ, ಸುಮಾರು 26 ಮೀಟರ್.  ಬಾಗಿಲು ಬಂದ ಮೇಲೆ ಮಾರಲು ಸಿಗುವ ಟಿಕೆಟ್‌ಗಳ ಸಂಖ್ಯೆ ಕಮ್ಮಿ ಆಯಿತು. ಸೀಟಿನ ಬೋಗಿಯಾದರೆ ಒಬ್ಬರು ಇಳಿದ ಜಾಗಕ್ಕೆ ಇನ್ನೊಬ್ಬರು ಹತ್ತುತ್ತಾರೆ. ಹಾಸಿಗೆ ರಾತ್ರಿಗೆ ಒಂದೇ ಸಲ ಮಾರಾಟವಾಗುವ ವಸ್ತು. ಮೇಲಿಂದ ಹೊದಿಕೆ ಒಗೆಸಬೇಕು, ಅಟೆಂಡೆಂಟ್ ಬೇಕು. ರಾತ್ರಿ ರೈಲಿನ ಟಿಕೆಟ್ ಯಾಕೆ ದುಬಾರಿ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ನೆಲದಲ್ಲಿ ಜಾಗ ಮುಗಿದ ಮೇಲೆ ಉಳಿದದ್ದು ಎತ್ತರ. ಕೂತವರ ತಲೆಯ ಮೇಲೆ, ಮಲಗಿದವರ ಹೊಟ್ಟೆಯ ಮೇಲೆ ಎಷ್ಟೊಂದು ಜಾಗ ಖಾಲಿ ಇರುತ್ತದೆ ಅಲ್ವಾ? 1940ರ ದಶಕದಲ್ಲಿ ಡ್ಯೂಪ್ಲೆಕ್ಸ್ ರೂಮೆಟ್ ಬಂತು. ಒಂದು ಕೋಣೆಯ ನೆಲ ಕೆಳಗೆ, ಅದರ ಪಕ್ಕದ ಕೋಣೆಯ ನೆಲ ಎರಡು ಮೆಟ್ಟಿಲು ಮೇಲೆ. ಕೆಳಗಿನ ಕೋಣೆಯ ಹಾಸಿಗೆ ಹಗಲಲ್ಲಿ ಮೇಲಿನ ಕೋಣೆಯ ನೆಲದ ಅಡಿಗೆ ಜಾರಿಕೊಂಡಿರುತ್ತದೆ, ರಾತ್ರಿ ಹೊರಗೆ ಬರುತ್ತದೆ. ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದ ಹಾಗೆ ಕೋಣೆಗಳು ಕೂಡಿಕೊಂಡವು. ಇದನ್ನು ಕೊನೆ ಮುಟ್ಟಿಸಿದ್ದು ಬೋಗಿ ಕಟ್ಟುವ ಬಡ್ ಕಂಪನಿ. 1956ರಲ್ಲಿ ಡೆನ್ವರ್ ಜೆಫಿರ್ ರೈಲಿಗೆ ಅವರು ಮಾಡಿಕೊಟ್ಟ ಸ್ಲಂಬರ್‌ಕೋಚ್ ಬೋಗಿಯಲ್ಲಿ ಒಬ್ಬರ ಕೋಣೆ 24, ಇಬ್ಬರ ಕೋಣೆ 8. ಒಟ್ಟು 40 ಜನ, ಪ್ರತಿ ಕೋಣೆಗೂ ಬಾಗಿಲು, ಬೇಸಿನ್, ಕಮೋಡ್. ಸೀಟಿನ ಟಿಕೆಟ್ ಮೇಲೆ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕಿತ್ತು. ಪರದೆ ಬೋಗಿಯ 27ಕ್ಕಿಂತಲೂ ಇದು ಜಾಸ್ತಿ ಅನ್ನುವುದನ್ನು ಗಮನಿಸಿ. ನನ್ನ ಮಟ್ಟಿಗೆ ರಾತ್ರಿ ರೈಲಿನ ಅತ್ಯಂತ ಜಾಣ ಬೋಗಿ ಇದು. ಅಮೆರಿಕದಲ್ಲಿ ವಿಮಾನ, ಕಾರುಗಳು ರೈಲನ್ನು ನುಂಗುತ್ತಿದ್ದ ಕಾಲಕ್ಕೆ ಹುಟ್ಟಿದ್ದೇ ಅದರ ದುರದೃಷ್ಟ.

ಕೋಣೆಗಳನ್ನು ಹೀಗೆ ಹೆಣೆಯುವ ಉಪಾಯವನ್ನು ಯೂರೋಪಿನವರೂ ಅಷ್ಟರಲ್ಲೇ ನೋಡಿದ್ದರು. 1955ರಲ್ಲಿ ವ್ಯಾಗೋನ್-ಲಿ ಕಂಪನಿ ಬಡ್ ಪರವಾನಗಿಯಲ್ಲೇ ಪಿ ಮಾದರಿಯ ಬೋಗಿ ಮಾಡಿಸಿತು. ಹೀಗೆ ಹೆಣೆದ ಒಬ್ಬರ ಕೋಣೆಗಳು 20. 1968ರ ಟಿ2 ಮಾದರಿಯಲ್ಲಿ ಇಬ್ಬರ ಪುಟ್ಟ ಕೋಣೆಗಳು 18. ನಾಗೆಲ್‌ಮಾಕರ್ಸ್ ಅಮೆರಿಕಕ್ಕೆ ಹೋಗಿ ಹಾಸಿಗೆ ನೋಡಿ ಬಂದಿದ್ದ, ಅವನ ಕಂಪನಿ ಸುಮಾರು ತೊಂಬತ್ತು ವರ್ಷದ ಮೇಲೆ ಅಲ್ಲಿಂದಲೇ ಕೋಣೆಯನ್ನೂ ತಂದಿತು.

ಇವತ್ತು ಅಮೆರಿಕದ ಪ್ರಯಾಣಿಕ ರೈಲು ಕಂಪನಿ ಆಮ್‌ಟ್ರಾಕ್ ‘ರೂಮೆಟ್’ ಅಂತ ಮಾರುವುದು ಬೇರೆಯದೇ ಕೋಣೆ. ಹೆಸರು ಹಳೆಯದು, ಒಳಗೆ ಇಬ್ಬರು. ಎರಡು ಅಂತಸ್ತಿನ ಸೂಪರ್‌ಲೈನರ್ ಬೋಗಿಯ ರೂಮೆಟ್ ಅಗಲ ಸುಮಾರು 107 ಸೆಂಟಿಮೀಟರ್, ಉದ್ದ 198. ಹಗಲಲ್ಲಿ ಎದುರು ಬದುರು ಎರಡು ಸೀಟು. ರಾತ್ರಿ ಆ ಸೀಟುಗಳು ಜಾರಿ ಸೇರಿ ಕೆಳಗಿನ ಹಾಸಿಗೆ ಆಗುತ್ತವೆ. ಚಾವಣಿಯ ಹಿಡಿ ತಿರುಗಿಸಿದರೆ ಅಪ್ಪರ್ ಬರ್ತ್ ಇಳಿಯುತ್ತದೆ. ಕೆಳಗಿನ ಹಾಸಿಗೆಯ ಮೆತ್ತೆಯೂ ಹಗಲಲ್ಲಿ ಅದರ ಮೇಲೇ ಇರುತ್ತದೆ. ಪುಲ್‌ಮನ್ ಉಪಾಯವೇ, ಪರದೆಯ ಜಾಗಕ್ಕೆ ಗೋಡೆ ಬಂದಿದೆ ಅಷ್ಟೇ. ಒಂದು ಬೋಗಿಯಲ್ಲಿ ರೂಮೆಟ್ 14, ದೊಡ್ಡ ಕೋಣೆ 5, ಕುಟುಂಬದ ಕೋಣೆ ಒಂದು, ಗಾಲಿಕುರ್ಚಿಯವರ ಕೋಣೆ ಒಂದು. ಎಲ್ಲ ತುಂಬಿದರೆ 44 ಜನ. ಕಮೋಡ್ ರೂಮೆಟ್ಟಿನಿಂದ ಹೊರಗೆ ಹೋಗಿದೆ. ವ್ಯೂಲೈನರ್ ಎಂಬ ಒಂದಂತಸ್ತಿನ ಬೋಗಿಗಳ ಮೊದಲ ಸರಣಿಯಲ್ಲಿ ಅದು ಕೋಣೆಯೊಳಗೇ ಇತ್ತು. ಆಮೇಲಿನ ಸರಣಿಯಲ್ಲಿ ತೆಗೆದರು. ಇಬ್ಬರು ಮಲಗುವ ಎರಡು ಚದರ ಮೀಟರಿನಲ್ಲಿ ಕಮೋಡ್ ಇದ್ದರೆ ಅದನ್ನು ಬಳಸುವವರಿಗಿಂತ ಬಳಸದೆ ಕೂತವರಿಗೇ ಮುಜುಗರ ಜಾಸ್ತಿ. ತೆಗೆದದ್ದು ಒಳ್ಳೆಯದೇ ಆಯಿತು.

ಈ ರೂಮೆಟ್ಟಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಹೊರಗಿನಿಂದ ಬೀಗ ಇಲ್ಲ. ನೀವು ಎದ್ದು ಹೋದರೆ ಬಾಗಿಲು ಸರಿಸಿ, ಪರದೆ ಎಳೆದು ಹೋಗಬೇಕು ಅಷ್ಟೇ. ಮೊದಲ ಸಲ ಕೇಳಿದವರು ಗಾಬರಿಯಾಗುತ್ತಾರೆ. ಸೂಟ್‌ಕೇಸ್ ಗತಿ ಏನು ಅಂತ. ಆದರೆ ಬಾಗಿಲಿಗೆ ಎರಡು ಮುಖ ಅಂದೆನಲ್ಲ, ಅದು ಇಲ್ಲಿ ಮತ್ತೆ ಬರುತ್ತದೆ.

1978ರ ಜುಲೈ 6ರ ಬೆಳಗಿನ ಜಾವ ಪೆನ್ಜಾನ್ಸ್‌ನಿಂದ ಲಂಡನ್‌ಗೆ ಹೋಗುತ್ತಿದ್ದ ಮಲಗುವ ರೈಲಿಗೆ ಟಾಂಟನ್ ಹತ್ತಿರ ಬೆಂಕಿ ಹತ್ತಿತು. ಬಳಸಿದ ಹೊದಿಕೆಗಳ ಮೂಟೆಗಳನ್ನು ಬೋಗಿಯ ಬಾಗಿಲ ಬಳಿ ವಿದ್ಯುತ್ ಹೀಟರಿಗೆ ತಾಗುವಂತೆ ಪೇರಿಸಿಟ್ಟಿದ್ದರು. ಅವು ನಿಧಾನವಾಗಿ ಹೊಗೆಯಾಡಿದವು. ಕೋಣೆಗಳ ಬಾಗಿಲು ಹಾಕಿಕೊಂಡು ಜನ ನಿದ್ದೆಯಲ್ಲಿದ್ದರು. ಬೋಗಿಯ ಬಾಗಿಲುಗಳಿಗೆ ಬೀಗ ಹಾಕಿತ್ತು. 12 ಜನ ಸತ್ತರು. ಹೆಚ್ಚಿನವರನ್ನು ಕೊಂದಿದ್ದು ಕಾರ್ಬನ್ ಮಾನಾಕ್ಸೈಡ್. 1980ರ ದಶಕದಲ್ಲಿ ಬಂದ ಬ್ರಿಟನ್ನಿನ ಹೊಸ ಮಲಗುವ ಬೋಗಿಗಳನ್ನು ಈ ಪಾಠ ಕಲಿತೇ ಮಾಡಿದರು: ಹೊಗೆ ಪತ್ತೆ ಮಾಡುವ ಉಪಕರಣ, ಸುಲಭಕ್ಕೆ ಬೆಂಕಿ ಹಿಡಿಯದ ಸಾಮಗ್ರಿ. ರಾತ್ರಿ ರೈಲಿನ ಕೋಣೆಯ ಚಿಲಕ ಒಳಗಿರುವವರಿಗೆ ಸಲೀಸಾಗಿ ತೆರೆಯಬೇಕು, ಬೇಕಾದಾಗ ಸಿಬ್ಬಂದಿಗೂ ಹೊರಗಿನಿಂದ ತೆರೆಯಲು ಆಗಬೇಕು. ಕಳ್ಳನಿಗೆ ಮಾತ್ರ ಆಗಬಾರದು. ಮೂರನ್ನೂ ಒಟ್ಟಿಗೆ ಮಾಡುವುದು ಹೇಳಿದಷ್ಟು ಸುಲಭ ಅಲ್ಲ.

ಎಷ್ಟು ಗೋಡೆ ಇದ್ದರೆ ಏಕಾಂತ ಅನ್ನಿಸುತ್ತದೆ? ಈ ಪ್ರಶ್ನೆಗೆ ಜಪಾನಿನಲ್ಲಿ ಒಂದು ಚಂದದ ಉತ್ತರ ಇದೆ. 1998ರ ಜುಲೈಯಲ್ಲಿ ಶುರುವಾದ ಸನ್‌ರೈಸ್ ಸೆಟೊ, ಸನ್‌ರೈಸ್ ಇಜುಮೊ ಎಂಬ ಜೋಡಿ ರೈಲುಗಳು ಟೋಕಿಯೊದಿಂದ ಒಟ್ಟಿಗೆ ಹೊರಟು ಒಕಾಯಾಮದಲ್ಲಿ ಬೇರೆಯಾಗುತ್ತವೆ. ದಿನಾ ಓಡುವ ಮಲಗುವ ರೈಲು ಅಂತ ಜಪಾನಿನಲ್ಲಿ ಈಗ ಉಳಿದಿರುವುದು ಇದೊಂದೇ. ಇದರ ಒಳವಿನ್ಯಾಸದಲ್ಲಿ ಮನೆ ಕಟ್ಟುವ ಕಂಪನಿಯೊಂದರ ಕೈ ಇದೆ, ಮಿಸಾವಾ ಹೋಮ್ಸ್. ಹೆಚ್ಚಿನವು ಒಬ್ಬರಿಗೇ ಮಾಡಿದ ಬಾಗಿಲಿರುವ ಕೋಣೆಗಳು. ಸ್ನಾನಕ್ಕೆ ಕಾರ್ಡ್ ಕೊಳ್ಳಬೇಕು. ಕಾರ್ಡ್ ಹಾಕಿದರೆ 6 ನಿಮಿಷ ಬಿಸಿನೀರು. ಇವೆಲ್ಲ ಇರಲಿ, ನಾನು ತೋರಿಸಬೇಕು ಅಂದುಕೊಂಡದ್ದು ಇದೇ ರೈಲಿನ ಅಗ್ಗದ ಜಾಗ, ನೋಬಿನೋಬಿ. ಅದು ಬರ್ತ್ ಅಲ್ಲ, ಕಾರ್ಪೆಟ್ ಹಾಸಿದ ನೆಲ. ಅದಕ್ಕೆ ಬರ್ತ್ ದರ ಇಲ್ಲ. ಅಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ತಲೆಯ ಹತ್ತಿರ ಮಾತ್ರ ಒಂದು ಪುಟ್ಟ ಅಡ್ಡಗೋಡೆ. ಕಾಲು, ಸೊಂಟ ಎಲ್ಲ ಬಯಲು. ನಿದ್ದೆ ಮಾಡುವಾಗ ನಾವು ಮುಚ್ಚಿಡಲು ಬಯಸುವುದು ಮುಖವನ್ನು ಅಂತ ಯಾರೋ ಸರಿಯಾಗಿ ಕಂಡುಕೊಂಡಿದ್ದಾರೆ.

ಆಸ್ಟ್ರಿಯಾದ ರೈಲ್ವೆ ಓಡಿಸುವ ನೈಟ್‌ಜೆಟ್ ಎಂಬ ರಾತ್ರಿ ರೈಲುಗಳು ಇದರ ಮುಂದಿನ ಹೆಜ್ಜೆ. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ತನ್ನ ಮಲಗುವ ರೈಲುಗಳನ್ನು ಕೈಬಿಟ್ಟಾಗ, ಅವುಗಳಲ್ಲಿ ಒಂದಷ್ಟನ್ನು ಎತ್ತಿಕೊಂಡವರು ಆಸ್ಟ್ರಿಯಾದವರು. 2023ರ ಡಿಸೆಂಬರಿನಲ್ಲಿ ಅವರ ಹೊಸ ರೈಲುಗಳು ಓಡಲು ಶುರುವಾದವು, ಸೀಮೆನ್ಸ್ ಮಾಡಿದ್ದು. ಅದರಲ್ಲಿ ಮಿನಿ ಕ್ಯಾಬಿನ್ ಎಂಬ ಹೊಸ ಬಗೆ ಇದೆ. ಒಬ್ಬರು ಮಲಗುವಷ್ಟೇ ಅಗಲದ ಗೂಡು, ಎರಡು ಸಾಲು, ಒಂದರ ಮೇಲೊಂದು. ನಿಲ್ಲಲು ಜಾಗವೇ ಇಲ್ಲ, ತೆವಳಿಕೊಂಡು ಒಳಗೆ ಹೋಗಬೇಕು. ಒಳಗೆ ಕನ್ನಡಿ, ದೀಪ, ಮಡಚುವ ಪುಟ್ಟ ಮೇಜು, ಫೋನಿಗೆ ಚಾರ್ಜರ್. ಶೂಗಳಿಗೆ, ಸಣ್ಣ ಚೀಲಕ್ಕೆ ಬೇರೆ ಲಾಕರ್. ಮುಚ್ಚಿಕೊಂಡರೆ ನಿಮ್ಮದೇ ಲೋಕ. ಬೇರೆ ಬೋಗಿಗಳಲ್ಲಿ ಕೋಣೆಗೆ ಬಾಗಿಲು ಇಟ್ಟರು, ಇಲ್ಲಿ ಹಾಸಿಗೆಗೇ ಬಾಗಿಲು ಇಟ್ಟುಬಿಟ್ಟಿದ್ದಾರೆ. ಎತ್ತರದ ಆಳುಗಳಿಗೆ, ಇಕ್ಕಟ್ಟು ಅಂದರೆ ಉಸಿರು ಕಟ್ಟುವವರಿಗೆ ಇದು ಆಗಿಬರುವುದಿಲ್ಲ. ಒಬ್ಬರೇ ಓಡಾಡುವವರಿಗೆ, ಅದರಲ್ಲೂ ಗುರುತಿಲ್ಲದ ಮೂವರ ಜೊತೆ ಮಲಗಲು ಮನಸ್ಸಿಲ್ಲದ ಹೆಂಗಸರಿಗೆ, ಇಷ್ಟು ವರ್ಷ ಇಲ್ಲದ ಒಂದು ದಾರಿ ತೆರೆದಿದೆ. ಪುಲ್‌ಮನ್ ಪರದೆಯ ಬರ್ತನ್ನು ನೆನಪು ಮಾಡಿಕೊಳ್ಳಿ. ಅಳತೆ ಹೆಚ್ಚುಕಮ್ಮಿ ಅದೇ, ಬಟ್ಟೆ ಹೋಗಿ ಹಲಗೆ ಬಂದಿದೆ.

ಇನ್ನು ಸಭಿಕರ ಪ್ರಶ್ನೆಗಳು.

ಹಳಿಯ ಉದ್ದಕ್ಕೆ ಇರುವ ಹಾಸಿಗೆ ಒಳ್ಳೆಯದೋ, ಅಡ್ಡಕ್ಕೆ ಇರುವುದೋ ಅಂತ ಒಬ್ಬರು ಕೇಳಿದರು. ಅಮೆರಿಕದ ರೂಮೆಟ್ ಉದ್ದಕ್ಕೆ, ಯೂರೋಪಿನ ಕೋಣೆ ಅಡ್ಡಕ್ಕೆ. ಉದ್ದಕ್ಕೆ ಮಲಗಿದರೆ ಬ್ರೇಕ್ ಹಾಕಿದಾಗ ಮೈ ತಲೆಯ ಕಡೆಗೋ ಕಾಲಿನ ಕಡೆಗೋ ಜಾರುತ್ತದೆ, ಬೋಗಿ ಅಕ್ಕಪಕ್ಕ ತೂಗಿದಾಗ ಮಗ್ಗುಲಿಗೆ ಉರುಳಿದಂತಾಗುತ್ತದೆ. ಅಡ್ಡಕ್ಕೆ ಮಲಗಿದರೆ ಉಲ್ಟಾ: ಬ್ರೇಕಿಗೆ ಉರುಳುತ್ತೀರಿ, ತೂಗಾಟಕ್ಕೆ ತಲೆ ಕಾಲು ಮೇಲೆ ಕೆಳಗೆ ಆಗುತ್ತದೆ. ಯಾವುದು ಸಹಿಸಿಕೊಳ್ಳಬಹುದು ಅನ್ನುವುದು ಅವರವರ ಹೊಟ್ಟೆಗೆ ಬಿಟ್ಟದ್ದು. ಇದಕ್ಕಿಂತ ಮುಖ್ಯವಾದದ್ದು ಬೋಗಿಯಲ್ಲಿ ಕೋಣೆ ಎಲ್ಲಿದೆ ಅನ್ನುವುದು. ಗಾಲಿಗಳು ಬೋಗಿಯ ಎರಡು ತುದಿಯಲ್ಲಿರುತ್ತವೆ, ಸದ್ದು ಕುಲುಕಾಟ ಅಲ್ಲೇ ಜಾಸ್ತಿ. ಆಯ್ಕೆ ಇದ್ದರೆ ನಡುವಿನ ಕೋಣೆ ಕೇಳಿ.

ಸೂಪರ್‌ಲೈನರಿನಲ್ಲಿ ಮೇಲಂತಸ್ತೋ ಕೆಳಗಿನದ್ದೋ ಅಂತ ಇನ್ನೊಬ್ಬರು ಕೇಳಿದರು. ನೋಟ ಬೇಕಾದರೆ ಮೇಲೆ, ನಿದ್ದೆ ಬೇಕಾದರೆ ಕೆಳಗೆ. ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟುವ ದಾರಿ ಮೇಲಂತಸ್ತಿನಲ್ಲೇ ಇರುವುದರಿಂದ ಓಡಾಟವೆಲ್ಲ ಅಲ್ಲಿ. ಕೆಳಗೆ ನಾಲ್ಕೇ ರೂಮೆಟ್, ದಾಟಿ ಹೋಗುವವರಿಲ್ಲ. ಎತ್ತರ ಕಮ್ಮಿ ಆದ್ದರಿಂದ ತೂಗಾಟವೂ ಕಮ್ಮಿ. ಗೋಡೆ ತೆಳ್ಳಗಿರುವುದು ಮಾತ್ರ ಎರಡೂ ಕಡೆ ಒಂದೇ. ಪಕ್ಕದವರ ಗೊರಕೆಯಿಂದ ನಿಮ್ಮನ್ನು ಯಾವ ಬಾಗಿಲೂ ಕಾಪಾಡದು.

ಕೊನೆಯ ಪ್ರಶ್ನೆ, ರೂಮೆಟ್ಟಿನಲ್ಲಿ ನಿಜಕ್ಕೂ ಇಬ್ಬರಿಗೆ ಆಗುತ್ತದಾ? ಮಲಗಲು ಆಗುತ್ತದೆ, ಒಟ್ಟಿಗೆ ನಿಲ್ಲಲು ಆಗುವುದಿಲ್ಲ. ಕೆಳಗಿನ ಹಾಸಿಗೆ 71 ಸೆಂಟಿಮೀಟರ್ ಅಗಲ ಅಂದರೆ ನಿಲ್ಲಲು ಉಳಿಯುವುದು ಒಂದು ಗೇಣು ಚಿಲ್ಲರೆ. ಮೇಲಿನದ್ದು ಬರೀ 61 ಸೆಂಟಿಮೀಟರ್. ಬೀಳದ ಹಾಗೆ ಚಾವಣಿಗೆ ಸಿಕ್ಕಿಸುವ ಪಟ್ಟಿಗಳ ಬಲೆ ಇರುತ್ತದೆ, ಅದನ್ನು ಮರೆಯದೆ ಸಿಕ್ಕಿಸಿ. ವ್ಯೂಲೈನರ್ ಆದರೆ ಮೇಲಿನವರಿಗೂ ಒಂದು ಕಿಟಕಿ ಇದೆ, ಸೂಪರ್‌ಲೈನರಿನಲ್ಲಿ ಅದೂ ಇಲ್ಲ. ದೊಡ್ಡ ಪೆಟ್ಟಿಗೆಯನ್ನು ಬೋಗಿಯ ಬಾಗಿಲ ಬಳಿಯ ಸಾಮಾನು ಗೂಡಿನಲ್ಲಿ ಬಿಟ್ಟು, ರಾತ್ರಿಗೆ ಬೇಕಾದ್ದನ್ನು ಮಾತ್ರ ಸಣ್ಣ ಚೀಲದಲ್ಲಿ ತನ್ನಿ. ಮೇಲೆ ಮಲಗುವವರು ಮೊದಲು ಹತ್ತಲಿ, ಆಮೇಲೆ ಕೆಳಗಿನವರು ಒಳಗೆ ಬರಲಿ. ರಾತ್ರಿ ಪದೇ ಪದೇ ಏಳುವ ಅಭ್ಯಾಸ ಇರುವವರು ಯಾರು ಅನ್ನುವುದನ್ನು ರೈಲು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಅವರು ಕೆಳಗೆ.